ಓಸ್ಲೋದ ಕಾಡು ಅದೃಷ್ಟದಿಂದ ಉಳಿದದ್ದಲ್ಲ

ನಾರ್ವೆಯ ರಾಜಧಾನಿ ಓಸ್ಲೋ ನಗರದ ಚೆಲುವನ್ನು ನಿಮ್ಮ ಲೇಖನದಲ್ಲಿ ಪ್ರೀತಿಯಿಂದ ಪರಿಚಯಿಸಿದ್ದೀರಿ. ಆದರೆ ಕಾಡು, ಕಡಲು ಎರಡೂ ಪಕ್ಕದಲ್ಲೇ ಇರುವುದು ಆ ಊರಿನ ಅದೃಷ್ಟ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ಊರ ನಡುವಿನಿಂದ ಒಂದನೇ ಮಾರ್ಗದ ಮೆಟ್ರೋ ಹತ್ತಿದರೆ ಕೊನೆಯ ನಿಲ್ದಾಣ ಫ್ರೊಗ್ನರ್‌ಸೇಟೆರೆನ್. ಅಲ್ಲಿಂದಲೇ ಕಾಡಿನ ದಾರಿಗಳು ಶುರು. ಚಳಿಗಾಲದಲ್ಲಿ ಜನ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಹಿಡಿದುಕೊಂಡೇ ರೈಲು ಹತ್ತುತ್ತಾರೆ. ಬೇರೆಡೆಯಾಗಿದ್ದರೆ ಇಂಥ ಜಾಗ ಎಂದೋ ನಿವೇಶನಗಳಾಗಿ ಹಂಚಿಹೋಗುತ್ತಿತ್ತು. ಇಲ್ಲಿ ನಗರವನ್ನು ಸುತ್ತುವರಿದ ‘ಮಾರ್ಕಾ’ ಅರಣ್ಯಕ್ಕೆ 2009ರಲ್ಲಿ ಪ್ರತ್ಯೇಕ ಕಾನೂನೇ ಬಂದಿತು. ಅದರ ಗಡಿಯೊಳಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಟ್ಟಡ ಕಟ್ಟುವಂತಿಲ್ಲ. ನಗರದ ಕುಡಿಯುವ ನೀರಿನ ಬಹುಪಾಲು ಬರುವುದೂ ಈ ಕಾಡಿನಂಚಿನ ಮಾರಿದಾಲ್ ಸರೋವರದಿಂದ. ಇನ್ನು ನಾರ್ವೆಯ 1957ರ ಕಾಯ್ದೆಯಂತೂ ಸಾಗುವಳಿಯಿಲ್ಲದ ಭೂಮಿಯಲ್ಲಿ, ಅದು ಖಾಸಗಿಯವರದ್ದಾದರೂ ಸರಿ, ಯಾರು ಬೇಕಾದರೂ ನಡೆದಾಡುವ ಹಕ್ಕನ್ನು ಕೊಟ್ಟಿದೆ. ಬೇಲಿಯ ಭಯವಿಲ್ಲದೆ ಬಡವನೂ ಕಾಡು ಸುತ್ತಬಹುದು! ಊರಿನ ಒಪೆರಾ ಭವನದ ಅಮೃತಶಿಲೆಯ ಚಾವಣಿಗಿಂತ ನನಗೆ ಇದೇ ದೊಡ್ಡ ಆಕರ್ಷಣೆ.

ಕಡಲಿನ ಕಡೆಗೆ ಮಾತ್ರ ನೋವಿನ ಸಂಗತಿಯಿದೆ. ಬಸ್ಸಿನ ಟಿಕೆಟಿನಲ್ಲೇ ದೋಣಿ ಹತ್ತಿ ಹೋವೆದೊಯಾ ದ್ವೀಪದ ಹನ್ನೆರಡನೇ ಶತಮಾನದ ಮಠದ ಅವಶೇಷಗಳನ್ನು ನೋಡಿ ಬರಬಹುದು, ನಿಜ. ಆದರೆ ಆ ನೀಲಿ ನೀರಿನಡಿ ‘ಕಾಡ್’ (cod) ಎಂಬ ಮೀನಿನ ಸಂತತಿ ಕುಸಿದಿದೆ. 2019ರಿಂದ ಅದನ್ನು ಹಿಡಿಯುವುದಕ್ಕೆ ನಿಷೇಧವಿದೆ. ಹೊಲಗಳಿಂದ ಹರಿದುಬರುವ ಗೊಬ್ಬರ, ಚರಂಡಿ ನೀರಿನ ಸಾರಜನಕ ಎರಡೂ ಆ ಕೊಲ್ಲಿಯನ್ನು ಹಾಳುಗೆಡವಿವೆ. ಕಾಡಿಗೆ ಸಿಕ್ಕಷ್ಟು ಬಿಗಿಯಾದ ಕಾವಲು ಕಡಲಿಗೆ ಏಕೆ ಸಿಗಲಿಲ್ಲ ಎಂಬುದನ್ನು ಮುಂದಿನ ಲೇಖನದಲ್ಲಿ ದಯವಿಟ್ಟು ಬರೆಯಿರಿ.