ಟ್ರಾನ್ಸ್ ಯಾರದು? ಫ್ರಾಂಕ್‌ಫರ್ಟಿನಿಂದ ಒಂದು ತಕರಾರು

ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಮಾಪುಸಾದಲ್ಲಿ ಇಳಿಯುವ ಹುಡುಗರನ್ನು ಕೇಳಿದರೆ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹುಟ್ಟಿದ್ದು ಗೋವಾದಲ್ಲಿ, ಎರಡನೇ ಮಾತೇ ಇಲ್ಲ. ಫ್ರಾಂಕ್‌ಫರ್ಟಿನಲ್ಲಿ ಐವತ್ತು ದಾಟಿದ ರೆಕಾರ್ಡ್ ಹುಚ್ಚರನ್ನು ಕೇಳಿದರೆ ವಿಮಾನ ನಿಲ್ದಾಣದ ಕಡೆ ಕೈ ತೋರಿಸುತ್ತಾರೆ. ಈ ಊರಲ್ಲಿ ಬಾಳುವೆ ಮಾಡುವ ಕನ್ನಡಿಗನಾಗಿ ನನ್ನ ತಕರಾರು ಇಬ್ಬರ ಮೇಲೂ ಇದೆ; ನಮ್ಮವರ ಮೇಲೆ ಸ್ವಲ್ಪ ಹೆಚ್ಚು. ಓಂಕಾರದ ಟೀಶರ್ಟ್ ತೊಟ್ಟು "ಇದೆಲ್ಲ ನಮ್ಮ ಧ್ಯಾನದಿಂದಲೇ ಬಂದದ್ದು" ಅನ್ನುವುದು ಕೇಳಲು ಚೆನ್ನ. ಹಾಡನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಜಪಾನಿನ ಯಂತ್ರ, ಯುರೋಪಿನ ಲೆಕ್ಕ, ಗೋವಾದ ಅಂಜುನಾದ ರಾತ್ರಿ. ಮೂರರಲ್ಲಿ ನಮ್ಮ ನೆಲದ್ದು ಕೊನೆಯದೊಂದೇ. ಅದನ್ನೂ ನಾವು ಉಳಿಸಿಕೊಳ್ಳಲಿಲ್ಲ.

ಮೊದಲು ಇಲ್ಲಿನ ಕಥೆ. 1984ರಲ್ಲಿ ಟಾಲಾ 2ಎಕ್ಸ್ಎಲ್‌ಸಿ ಎಂಬ ಡಿಜೆ ಫ್ರಾಂಕ್‌ಫರ್ಟಿನಲ್ಲಿ ಟೆಕ್ನೋಕ್ಲಬ್ ಎಂಬ ಕುಣಿತದ ಕೂಟ ಶುರು ಮಾಡಿದ. ಮುಂದೆ ಅದು ನೆಲೆ ನಿಂತದ್ದು ವಿಮಾನ ನಿಲ್ದಾಣದ ಕಟ್ಟಡದೊಳಗೇ ಇದ್ದ ಡೋರಿಯನ್ ಗ್ರೇ ಎಂಬ ಕ್ಲಬ್ಬಿನಲ್ಲಿ. ಪಕ್ಕದಲ್ಲಿ ಮನೆಯಿಲ್ಲ, ದೂರು ಕೊಡುವವರಿಲ್ಲ. 1988ರಲ್ಲಿ ಊರೊಳಗೆ ಓಮೆನ್ ಎಂಬ ಕ್ಲಬ್ ತೆರೆಯಿತು. ಅಲ್ಲಿನ ಡಿಜೆ ಸ್ವೆನ್ ಫೇಟ್ ಜೊತೆಗಾರರೊಡನೆ ಐ ಕ್ಯೂ, ಹಾರ್ಟ್‌ಹೌಸ್ ಎಂಬ ಲೇಬಲ್‌ಗಳನ್ನು, ಅಂದರೆ ರೆಕಾರ್ಡ್ ಕಂಪನಿಗಳನ್ನು ಕಟ್ಟಿದ. 1990ರ 'ದಿ ಏಜ್ ಆಫ್ ಲವ್' ಎಂಬ ಹಾಡನ್ನು ಇದೇ ಊರಿನ ಜ್ಯಾಮ್ ಅಂಡ್ ಸ್ಪೂನ್ ಜೋಡಿ 1992ರಲ್ಲಿ ಹೊಸದಾಗಿ ಹೊಲಿದು ಕೊಟ್ಟಿತು. ಟ್ರಾನ್ಸ್ ಅಂದರೆ ಏನು ಎಂದು ಕೇಳುವವರಿಗೆ ಇವತ್ತಿಗೂ ಅದನ್ನೇ ಹಾಕಿ ಕೇಳಿಸಬಹುದು. ಅತ್ತ ಬರ್ಲಿನ್ನಿನಲ್ಲಿ ಗೋಡೆ ಬಿದ್ದ ಮರುವರ್ಷ, ಪೂರ್ವ ಜರ್ಮನಿಯ ಸರ್ಕಾರಿ ಲೇಬಲ್ ಆಗಿದ್ದ ಆಮಿಗಾದ ಜಾಗದಲ್ಲೇ ಮಾರ್ಕ್ ರೀಡರ್ ಎಂಎಫ್ಎಸ್ ಎಂಬ ಲೇಬಲ್ ಆರಂಭಿಸಿದ. ಟ್ರಾನ್ಸ್‌ನ ಹೆಸರಾಂತ ಡಿಜೆ ಪಾಲ್ ವಾನ್ ಡೈಕ್ ಹೊರಬಂದದ್ದು ಅಲ್ಲಿಂದ.

ಜರ್ಮನ್ನರ ದಾರಿ ಏನೆಂದರೆ, ಇಡೀ ರಾತ್ರಿಯ ಏರಿಳಿತವನ್ನು ಏಳೆಂಟು ನಿಮಿಷದ ಒಂದೇ ರೆಕಾರ್ಡಿನೊಳಗೆ ಮಡಚಿಡುವುದು. ನಿಮಿಷಕ್ಕೆ 138 ಬಡಿತ ಎಂದುಕೊಳ್ಳಿ. ನಾಲ್ಕು ಬಡಿತಕ್ಕೆ ಒಂದು ಬಾರ್, ಅಂದರೆ ಸುಮಾರು 1.74 ಸೆಕೆಂಡು, 32 ಬಾರ್ ಅಂದರೆ 56 ಸೆಕೆಂಡಿಗೆ ಒಂದಿಷ್ಟು ಕಡಿಮೆ. ಮೊದಲ 32 ಬಾರ್ ಬರೀ ತಾಳ, ಏಕೆಂದರೆ ಹಿಂದಿನ ರೆಕಾರ್ಡಿನ ಬಾಲಕ್ಕೆ ಇದನ್ನು ಗಂಟು ಹಾಕಬೇಕು. ಆಮೇಲೆ ಎಂಟೋ ಹದಿನಾರೋ ಬಾರ್‌ಗಳಿಗೊಮ್ಮೆ ಒಂದೊಂದು ಪದರ. ನಡುವೆ ಕಿಕ್, ಅಂದರೆ ಡ್ರಮ್ಮಿನ ಗುದ್ದು ನಿಂತು ಸ್ವರವಷ್ಟೇ ಉಳಿಯುವ ಬ್ರೇಕ್‌ಡೌನ್, ಮತ್ತೆ ಕಿಕ್, ಕೊನೆಗೆ ಮತ್ತೆ ಬರೀ ತಾಳ. ಎರಡು ರೆಕಾರ್ಡುಗಳ ಬಾರ್ ಎಣಿಕೆ ಎಂಟು ಬಾರ್ ತಪ್ಪಿದರೂ ಒಂದರ ಬ್ರೇಕ್‌ಡೌನ್ ಮೇಲೆ ಇನ್ನೊಂದರ ಬೇಸ್ ಎಂಬ ತಗ್ಗು ದನಿ ಹತ್ತಿ ಕೂರುತ್ತದೆ. ಕುಣಿಯುವವರಿಗೆ ಕಾರಣ ತಿಳಿಯದು, ಕಾಲು ಮಾತ್ರ ತಡವರಿಸುತ್ತದೆ. ಇದಕ್ಕೆಲ್ಲ ಆಧಾರ ಟೆಕ್ನಿಕ್ಸ್ ಎಸ್ಎಲ್-1200 ಪ್ಲೇಯರಿನ ಬದಿಯ ಜಾರುಗುಂಡಿ: ವೇಗವನ್ನು ಶೇ. 8ರವರೆಗೆ ಏರಿಸಬಹುದು, ಇಳಿಸಬಹುದು. ಆದರೆ ವೇಗದ ಜೊತೆ ಶ್ರುತಿಯೂ ಏರುತ್ತದೆ. 138ನ್ನು 142ಕ್ಕೆ ತಂದರೆ ಶೇ. 2.9, ಅಂದರೆ ಹೆಚ್ಚೂಕಡಿಮೆ ಅರ್ಧ ಸ್ವರಸ್ಥಾನ. ಹಾರ್ಮೋನಿಯಂನ ಎರಡು ಮನೆಗಳ ನಡುವಿನ ಬಿರುಕಿಗೆ ಬಿದ್ದ ಹಾಗೆ. ಆದ್ದರಿಂದ ಸ್ವರ ತುಂಬಿದ ಭಾಗಗಳನ್ನು ಒಂದರ ಮೇಲೊಂದು ಬಿಡದೆ ತಾಳದ ಮೇಲೆ ತಾಳ ಕೂರಿಸುವುದೇ ಕ್ಷೇಮ.

1996ರಲ್ಲಿ ರೋಲಾಂಡ್ ಕಂಪನಿಯ ಜೆಪಿ-8000 ಎಂಬ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ) ಬಂದಮೇಲೆ ಇದರ ಬಣ್ಣವೇ ಬದಲಾಯಿತು. ಅದರ 'ಸೂಪರ್‌ಸಾ' ಎಂದರೆ ಗರಗಸದ ಹಲ್ಲಿನಾಕಾರದ ಏಳು ಅಲೆಗಳು ಕೂದಲೆಳೆಯಷ್ಟು ಬೇರೆಬೇರೆ ಶ್ರುತಿಯಲ್ಲಿ ಒಟ್ಟಿಗೆ ನುಡಿಯುವುದು. ಆ ಅಂತರ ಸ್ವಲ್ಪ ಜಾಸ್ತಿ ಮಾಡಿದರೆ ಗೊಗ್ಗರು, ಕಡಿಮೆ ಮಾಡಿದರೆ ಸಪ್ಪೆ. ಇನ್ನೊಂದು ತಪ್ಪು ಮನೆಯಲ್ಲಿ ಹಾಡು ಮಾಡುವ ನಮ್ಮ ಹುಡುಗರೆಲ್ಲ ಮಾಡುತ್ತಾರೆ: ಹೆಡ್‌ಫೋನಿನಲ್ಲಿ ಎಡಬಲಕ್ಕೆ ಹರಡಿ ಭವ್ಯವಾಗಿ ಕೇಳಿದ ಸೂಪರ್‌ಸಾ, ಎರಡೂ ಕಡೆ ಒಂದೇ ಸಿಗ್ನಲ್ ಹೋಗುವ ಕ್ಲಬ್ಬಿನ ಮೋನೋ ಸ್ಪೀಕರಿನಲ್ಲಿ ತೆಳುವಾಗಿಬಿಡುತ್ತದೆ, ಏಕೆಂದರೆ ಎಡದ ಅಲೆ ಬಲದ ಅಲೆಯನ್ನು ನುಂಗುತ್ತದೆ. ಮೋನೋ ಗುಂಡಿ ಒತ್ತಿ ಕೇಳದೆ ಹಾಡನ್ನು ಹೊರಗೆ ಬಿಡಬಾರದು.

ಗೋವಾ ಬೇರೆಯೇ ಲೋಕ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬಂದು ಅಂಜುನಾದಲ್ಲಿ ನೆಲೆಯಾದ ಗೋವಾ ಗಿಲ್‌ನಂಥ ಡಿಜೆಗಳು ರೆಕಾರ್ಡ್ ಹೊತ್ತು ತರಲಿಲ್ಲ. 50 ರೆಕಾರ್ಡ್ ಅಂದರೆ ಹತ್ತು ಕಿಲೋ ಭಾರ, ಬಿಸಿಲಿಗೆ ಬಾಗುತ್ತವೆ, ಮರಳು ಹೊಕ್ಕರೆ ಮುಗಿಯಿತು. ಹಾಗಾಗಿ ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದರಲ್ಲಿ ಎರಡು ಗಂಟೆಯ ಸಂಗೀತ ಹಿಡಿಯುತ್ತದೆ. ಅಂಗಿ ಜೇಬಿನಲ್ಲಿ ಒಂದು ರಾತ್ರಿ ಪೂರ್ತಿ ಬರುತ್ತದೆ. ಗಿಲ್ 24 ಗಂಟೆ ಎಡೆಬಿಡದೆ ನುಡಿಸುತ್ತಿದ್ದದ್ದು ಎರಡು ಪುಟ್ಟ ಡ್ಯಾಟ್ ವಾಕ್‌ಮನ್‌ಗಳಲ್ಲಿ.

ಆದರೆ ಆ ವಾಕ್‌ಮನ್‌ಗೆ ಜಾರುಗುಂಡಿ ಇಲ್ಲ. ವೇಗ ಬದಲಿಸಲಾಗದಿದ್ದರೆ ತಾಳಕ್ಕೆ ತಾಳ ಕೂರಿಸುವಂತಿಲ್ಲ. ಗೋವಾ ಟ್ರಾನ್ಸ್ ಹಾಡುಗಳ ತಲೆಯಲ್ಲಿ, ಬಾಲದಲ್ಲಿ ತಾಳವಿಲ್ಲದ ಗಾಳಿ, ಗುಂಯ್‌ಗುಡುವಿಕೆ, ಯಾರದೋ ಮಾತಿನ ತುಣುಕು ಬರುವುದಕ್ಕೆ ಜನ ಆಧ್ಯಾತ್ಮಿಕ ಅರ್ಥ ಹಚ್ಚುತ್ತಾರೆ. ಗುಂಡಿ ಇಲ್ಲದ ಯಂತ್ರದಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಲು ಹಾಕಿಕೊಂಡ ಸೇತುವೆ ಅದು. ಕಡಲ ತೇವದಲ್ಲಿ ಡ್ಯಾಟ್‌ಗೆ ಮತ್ತೊಂದು ಕಾಟ: ಒಳಗೆ ತಿರುಗುವ ಹೆಡ್ಡಿನ ಮೇಲೆ ಇಬ್ಬನಿ ಕೂತರೆ ಯಂತ್ರ ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ಒಣಗುವ ತನಕ ಟೇಪು ಓಡದು. ಎರಡನೇ ವಾಕ್‌ಮನ್ ಕೈಲಿರದಿದ್ದರೆ ಆ ಹೊತ್ತಿಗೆ ಮೌನವೇ.

ಬೇಸ್‌ನ ಕಟ್ಟೂ ಬೇರೆ. ನಿಮಿಷಕ್ಕೆ 145 ಬಡಿತ; ಪ್ರತಿ ಬಡಿತವನ್ನು ನಾಲ್ಕಾಗಿ ಸೀಳಿದರೆ ಒಂದೊಂದು ಚೂರು 103 ಮಿಲಿಸೆಕೆಂಡು. ಮೊದಲ ಚೂರಿನಲ್ಲಿ ಕಿಕ್, ಉಳಿದ ಮೂರರಲ್ಲಿ ಬೇಸ್. ಕಿಕ್‌ನ ಬಾಲ ಆ ನೂರು ಮಿಲಿಸೆಕೆಂಡಿನೊಳಗೆ ಮುಗಿಯಲೇಬೇಕು. ಹೌಸ್ ಎಂಬ ಇನ್ನೊಂದು ಕುಣಿತದ ಸಂಗೀತದ ಉದ್ದ ಬಾಲದ ಕಿಕ್ ತಂದು ಹಾಕಿದರೆ ಅದು ಮೊದಲ ಬೇಸ್ ಸ್ವರವನ್ನು ತಿಂದುಹಾಕಿ ಕುದುರೆ ಓಟ ಎಮ್ಮೆ ನಡಿಗೆಯಾಗುತ್ತದೆ. ಬೇಸ್‌ನ ಅಲೆ ಪ್ರತಿ ಸಲವೂ ಒಂದೇ ಬಿಂದುವಿನಿಂದ ಹೊರಡುವಂತೆ ಸಿಂಥ್ ಹೊಂದಿಸದಿದ್ದರೆ ಒಂದು ಸ್ವರ ಗಟ್ಟಿ, ಮತ್ತೊಂದು ಪೊಳ್ಳು. ಸ್ಪೀಕರ್ ಸರಿಯಿಲ್ಲ ಎಂದು ಬಯ್ಯುವ ಮೊದಲು ಇದನ್ನು ನೋಡಬೇಕು.

ಹಾಗಾದರೆ ಗೋವಾ ಕೊಟ್ಟದ್ದೇನು? ಹೊತ್ತು. ಸಂಜೆಯಿಂದ ಮರುದಿನದ ಬಿಸಿಲೇರುವ ತನಕ ಕಡಿವಾಣವಿಲ್ಲದ ಹೊತ್ತು. ನಡುರಾತ್ರಿ ಕತ್ತಲ ಗಡಸು ಸಂಗೀತ, ಬೆಳಕು ಹರಿಯುವಾಗ ಸ್ವರ ತುಂಬಿದ 'ಬೆಳಗಿನ ಟ್ರಾನ್ಸ್' ಎಂಬ ಕ್ರಮ ಹುಟ್ಟಿದ್ದು ಅಲ್ಲಿ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಬ್ಬರತಾಳ, ಪೂರ್ವರಂಗ, ಒಡ್ಡೋಲಗ, ಪ್ರಸಂಗ, ಬೆಳಗಿಗೆ ಮಂಗಳ. ಯಕ್ಷಗಾನವೂ ರಾತ್ರಿಯನ್ನೇ ರಂಗವಾಗಿ ಹಾಸಿಕೊಂಡ ಕಲೆ. ಪಾತ್ರಧಾರಿಯ ಕಸುವನ್ನೂ ಸಭೆಯ ನಿದ್ದೆಯನ್ನೂ ಅಳೆದು ಲಯ ಏರಿಸುವ ಭಾಗವತರ ಕೆಲಸವನ್ನೇ ಒಳ್ಳೆಯ ಡಿಜೆ ಮಾಡುವುದು. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ, ಬಂದಿಲ್ಲ. ಅಂಜುನಾದ ಆ ಕೂಟಗಳಲ್ಲಿ ಸ್ಥಳೀಯರ ಪಾಲು ಹೆಚ್ಚಾಗಿ ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ ಚಹಾ ಮಾರುವುದಷ್ಟೇ ಆಗಿತ್ತು.

ಅಲ್ಲಿಂದ ಹರಡಿದ್ದು ಬೇಗ ಹೇಳಿ ಮುಗಿಸಬಹುದು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಗೋವಾಕ್ಕೆ ಬಂದ ಇಸ್ರೇಲಿ ಯುವಕರು ಅದನ್ನು ತಮ್ಮೂರಿಗೆ ಒಯ್ದರು. 1994ರ ಡಿಸೆಂಬರಿನಲ್ಲಿ ಡಿಜೆ ಪಾಲ್ ಓಕನ್‌ಫೋಲ್ಡ್ ಬಿಬಿಸಿ ರೇಡಿಯೋ 1ರಲ್ಲಿ ನುಡಿಸಿದ 'ಗೋವಾ ಮಿಕ್ಸ್' ಅದನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿತು. 1997ರಿಂದ ಪೋರ್ಚುಗಲ್ಲಿನಲ್ಲಿ ಬೂಮ್ ಉತ್ಸವ. ಡಚ್ಚರು ಜರ್ಮನ್ ದಾರಿ ಹಿಡಿದು ಅದನ್ನು ದೊಡ್ಡ ವ್ಯಾಪಾರ ಮಾಡಿದರು: 2001ರಲ್ಲಿ ಆರ್ಮಿನ್ ವಾನ್ ಬ್ಯೂರನ್‌ನ ರೇಡಿಯೋ ಕಾರ್ಯಕ್ರಮ, 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಗೆ ಟಿಯೆಸ್ಟೋ. ಒಬ್ಬ ಡಿಜೆಗೆ ಒಂದು ಗಂಟೆ ಕೊಡುವ ಉತ್ಸವದ ಪದ್ಧತಿ ನನಗೆ ಅಷ್ಟಕ್ಕಷ್ಟೆ. ಆರು ಗಂಟೆಯಲ್ಲಿ ಏರಬೇಕಾದದ್ದನ್ನು ಆರು ಹಾಡಿನಲ್ಲಿ ಏರಿಸಲು ಹೋಗಿ ಎಲ್ಲರೂ ಶಿಖರದಲ್ಲೇ ಶುರು ಮಾಡುತ್ತಾರೆ.

ಈಗ ಕಾನೂನಿನ ಮಾತು. ನನ್ನ ತಕರಾರಿನ ತಿರುಳು ಇಲ್ಲಿದೆ. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ರಾಜ್ಯ ಸರ್ಕಾರ ಬೇಕೆಂದರೆ ವರ್ಷಕ್ಕೆ 15 ದಿನ ಮಾತ್ರ ಮಧ್ಯರಾತ್ರಿವರೆಗೆ ಬಿಡಬಹುದು. ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಜರ್ಮನಿಯಲ್ಲೂ ರಾತ್ರಿಯೆಂದರೆ 10ರಿಂದ 6, ಸಾಮಾನ್ಯ ವಸತಿ ಪ್ರದೇಶಕ್ಕೆ ಮಿತಿ 40. ಅಂಕಿ ನೋಡಿದರೆ ಇಲ್ಲಿಯದೇ ಬಿಗಿ! ಕನ್ನಡ ಸಂಘದ ಯುಗಾದಿಗೆ ಹಾಲ್ ಹಿಡಿದವರಿಗೆಲ್ಲ ಗೊತ್ತು, ಹತ್ತಾಯಿತೆಂದರೆ ಕಿಟಕಿ ಮುಚ್ಚಬೇಕು. ಆದರೆ ಇಲ್ಲಿ ಅಳೆಯುವುದು ನೆರೆಯವನ ತೆರೆದ ಕಿಟಕಿಯ ಹೊರಗೆ ಅರ್ಧ ಮೀಟರಿನಲ್ಲಿ. ಅಲ್ಲಿಗೆ ಸದ್ದು ಮುಟ್ಟದಂತೆ ಗೋಡೆ ಕಟ್ಟಿಕೊಂಡರೆ ಬರ್ಲಿನ್ನಿನಂಥ ಊರಲ್ಲಿ ಕ್ಲಬ್ ಸೋಮವಾರ ಬೆಳಗಿನವರೆಗೂ ನಡೆಯಲಿ. ಗೋಡೆಗೆ ಹಣ ಬೇಕೆಂದು 2018ರಲ್ಲಿ ಬರ್ಲಿನ್ ನಗರ ಹತ್ತು ಲಕ್ಷ ಯೂರೋ ತೆಗೆದಿಟ್ಟಿತು. 2021ರಲ್ಲಿ ಜರ್ಮನ್ ಸಂಸತ್ತು ಕ್ಲಬ್ಬುಗಳನ್ನು ಸಾಂಸ್ಕೃತಿಕ ತಾಣಗಳೆಂದು ಪರಿಗಣಿಸಲು ಹೇಳಿತು. ಒಳಗೆ ಕುಣಿಯುವವರ ಕಿವಿಗೂ ಲೆಕ್ಕವಿದೆ: ಅರ್ಧ ಗಂಟೆಯ ಸರಾಸರಿ 99 ಡೆಸಿಬೆಲ್ ದಾಟಬಾರದು.

ಗೋವಾದ ಹಳ್ಳಿಯವರ ದೂರು ಸುಳ್ಳಲ್ಲ. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 10 ಮೀಟರಿನಲ್ಲಿ 100 ಇದ್ದರೆ 1,280 ಮೀಟರಿನಲ್ಲೂ 58 ಉಳಿಯಿತು. ಮರ, ದಿಬ್ಬಗಳು ಕೀರಲು ಸದ್ದನ್ನು ಹೀರುತ್ತವೆ, ಬೇಸ್ ಉಳಿಯುತ್ತದೆ; ರಾತ್ರಿ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚಗಿನದು ನಿಂತಾಗ ಮೇಲೇರಿದ ಸದ್ದು ಬಾಗಿ ಮತ್ತೆ ಊರಿಗೇ ಬೀಳುತ್ತದೆ. ಸಾಲದ್ದಕ್ಕೆ ನಮ್ಮಲ್ಲಿ ಅಳೆಯುವ 'ಎ' ತೂಕದ ಮಾಪನ 50 ಹರ್ಟ್ಸ್ ಬೇಸ್‌ನಿಂದ 30 ಡೆಸಿಬೆಲ್ ಕಳೆದುಬಿಡುತ್ತದೆ. ಎದೆಗೆ ಗುದ್ದುವ 75 ಡೆಸಿಬೆಲ್, ಕಾಗದದ ಮೇಲೆ 45. ಜರ್ಮನಿಯಲ್ಲಿ ಬೇಸನ್ನು ಅಷ್ಟಾಗಿ ಕಳೆಯದ 'ಸಿ' ಮತ್ತು 'ಎ' ಅಳತೆಗಳ ನಡುವೆ 20ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೇಸ್‌ಗೇ ಬೇರೆ ಪರೀಕ್ಷೆ. ಸ್ಪೀಕರ್‌ಗಳನ್ನು ಸಮುದ್ರದತ್ತ ತಿರುಗಿಸುವುದು, ಸಬ್ ಎಂಬ ಮೂರು ಬೇಸ್ ಸ್ಪೀಕರ್‌ಗಳಲ್ಲಿ ನಡುವಿನದನ್ನು ಹಿಂದುಮುಂದಾಗಿಸಿ ಅದರ ಸಿಗ್ನಲ್ ತಲೆಕೆಳಗು ಮಾಡಿ ಕೆಲವು ಮಿಲಿಸೆಕೆಂಡು ತಡವಾಗಿ ಕೊಡುವುದು, ಇಷ್ಟು ಮಾಡಿದರೆ ಊರಿನ ಕಡೆಗೆ ಹೋಗುವ ಬೇಸ್ ಎದ್ದು ಕಾಣುವಷ್ಟು ತಗ್ಗುತ್ತದೆ. ಇದನ್ನು ಕೇಳುವ, ಮಾಡಿಸುವ ಪರವಾನಗಿ ನಮ್ಮಲ್ಲಿ ಬೆಳೆಯಲಿಲ್ಲ. ಗಡಿಯಾರ ನೋಡುವುದು ಸುಲಭ.

ಅದೇ ಗಡಿಯಾರ ಕರಾವಳಿಯ ಯಕ್ಷಗಾನ ಮೇಳಗಳ ಮೇಲೂ ಬಿದ್ದು, ಕೆಲವೇ ಗಂಟೆಗಳಲ್ಲಿ ಮುಗಿಯುವ 'ಕಾಲಮಿತಿ' ಆಟಕ್ಕೆ ಬಲ ಕೊಟ್ಟಿತು. ಪ್ರಸಂಗವನ್ನು ಕತ್ತರಿಸಿ ಹೊಲಿಯಬಹುದು, ಭಾಗವತರು ಪದ್ಯ ಬಿಡುತ್ತಾರೆ. ಟ್ರಾನ್ಸ್‌ಗೆ ಆ ಸೌಕರ್ಯವೂ ಇಲ್ಲ. ನಿಯಮ ಪಾಲಿಸುವ ಗೋವಾದ ಕೂಟಗಳು ಈಗ ಮಧ್ಯಾಹ್ನವೇ ಶುರು. ಬೆಳಗಿನ ಆರಕ್ಕೆಂದು ಕಟ್ಟಿದ ಹಾಡನ್ನು ಸಂಜೆ ಆರಕ್ಕೆ ಹಾಕುತ್ತಾರೆ, ಕತ್ತಲ ಹಾಡು ಒಂಬತ್ತಕ್ಕೆ. ಹತ್ತಕ್ಕೆ ಐದು ನಿಮಿಷ ಇರುವಾಗ ಆಂಪ್ಲಿಫೈಯರ್ ಆರಿಸುವವನು ವೇದಿಕೆಯ ಹಿಂದೆ ಬಂದು ನಿಂತಿರುತ್ತಾನೆ.