ಅಗೆಯಲು ಅಪ್ಪಣೆಯಿದೆ

ನಮ್ಮ ಬೀದಿಗೆ ಡಾಂಬರು ಬಿದ್ದು ಹನ್ನೊಂದು ದಿನವಾಗಿತ್ತು. ಈ ಲೆಕ್ಕ ನನ್ನದಲ್ಲ, ಎದುರು ಮನೆಯ ಅಜ್ಜಿಯದು. ಹಳೆಯ ರಸ್ತೆಯಲ್ಲಿ ಅವರು ಇಟ್ಟ ಚುಕ್ಕಿಗಳಲ್ಲಿ ನಾಲ್ಕೈದು ಗುಂಡಿಗೆ ಬಿದ್ದು, ಜಲ್ಲಿಯ ಸಂದಿಯಲ್ಲಿ ಎಳೆ ಕಡಿದು, ತಾವರೆಯೆಂದು ಶುರುವಾದದ್ದು ಎಲೆಕೋಸಾಗಿ ಮುಗಿಯುತ್ತಿತ್ತು. ಹೊಸ ಡಾಂಬರು ಬಿದ್ದ ಮರುದಿನದಿಂದ ಅವರ ಕೈ ಕುದುರಿತು. ಯುಗಾದಿಯ ದಿನವಂತೂ ಹದಿನೈದರಿಂದ ಎಂಟು ಚುಕ್ಕಿಯದನ್ನು ಬಿಟ್ಟು, ಅದನ್ನು ನೋಡಲು ತಾವೇ ಎರಡು ಸಲ ಹೊರಗೆ ಬಂದು ಹೋದರು.

ಹನ್ನೆರಡನೆಯ ಬೆಳಗ್ಗೆ ಅವರ ರಂಗೋಲಿಯ ಪಕ್ಕದಲ್ಲಿ ಇನ್ನೊಂದು ಬಿಳಿ ಗೆರೆ ಕಾಣಿಸಿತು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿತ್ತು. ನಡುನಡುವೆ ಐದು ಚೌಕಗಳು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಎಳೆ ನೆಟ್ಟಗಿದೆ, ಲಕ್ಷಣವಿಲ್ಲ” ಎಂದರು.

ಹತ್ತೂವರೆಗೆ ಜೆಸಿಬಿ ಬಂತು.

ಮೈಸೂರಿನಲ್ಲಿ ಡಾಂಬರಿಗೆ ಎರಡು ಸುಗ್ಗಿ. ದಸರೆಯ ಡಾಂಬರು ಜಂಬೂ ಸವಾರಿ ಹೋಗುವ ದಾರಿಗೆ, ಅತಿಥಿಗಳ ಕಣ್ಣಿಗೆ ಬೀಳುವ ವೃತ್ತಗಳಿಗೆ. ನಮ್ಮಂಥ ಅಡ್ಡರಸ್ತೆಗಳಿಗೆ ಮಾರ್ಚಿಯ ಡಾಂಬರು. ಆರ್ಥಿಕ ವರ್ಷ ಮುಗಿಯುವುದರೊಳಗೆ ಹಣ ಖರ್ಚಾಗಬೇಕು, ಇಲ್ಲವಾದರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ರಸ್ತೆಯವರಿಗೆ ಮಾರ್ಚ್ ಇರುವಂತೆ ಕೊಳವೆಯವರಿಗೂ ಒಂದು ಮಾರ್ಚ್ ಇದೆ. ಎರಡೂ ಒಂದೇ ಬೀದಿಯಲ್ಲಿ ಎದುರುಬದುರಾದಾಗ ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂಬುದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ಒಗ್ಗರಣೆ ಹಾಕಿದ ಮೇಲೆ ಬೇಳೆ ಬೇಯಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೇಲ್ವಿಚಾರಕ ಹುಡುಗ ಬೈಕಿನಿಂದ ಇಳಿಯುತ್ತಲೇ, “ಪರ್ಮಿಷನ್ ಇದೆ ಸಾರ್” ಎಂದ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಹಿಂದಿನ ಬೀದಿಗಳ ಅನುಭವ ಇರಬೇಕು. ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಹಾಳೆಯನ್ನು ಕೈಗೇ ಕೊಟ್ಟ. ಇಷ್ಟು ಮೀಟರು ಉದ್ದ, ಇಷ್ಟು ಅಗಲ, ದುರಸ್ತಿಯ ಬಾಬ್ತು ಮುಂಗಡ ಜಮೆಯಾಗಿದೆ, ಉದ್ದೇಶ ಕುಡಿಯುವ ನೀರಿನ ಕೊಳವೆಯ ಪರಿಶೀಲನೆ. ಕೊನೆಯಲ್ಲಿ ಒಂದು ಷರತ್ತು: ಕಾಮಗಾರಿಯ ನಂತರ ರಸ್ತೆಯನ್ನು ಯಥಾಸ್ಥಿತಿಗೆ ತರತಕ್ಕದ್ದು.

ಈ ‘ಯಥಾಸ್ಥಿತಿ’ ಬಹಳ ಉದಾರವಾದ ಪದ. ಹನ್ನೊಂದು ದಿನದ ಹಿಂದಿನ ಸ್ಥಿತಿಯೋ, ಅದಕ್ಕೂ ಹಿಂದಿನ ಹತ್ತು ವರ್ಷದ ಸ್ಥಿತಿಯೋ ಎಂದು ಅದು ಹೇಳುವುದಿಲ್ಲ. ಗುತ್ತಿಗೆದಾರರು ಇತಿಹಾಸಪ್ರಿಯರು, ಸಾಮಾನ್ಯವಾಗಿ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ.

ಪರಿಶೀಲನೆ ಬೇಡವೆನ್ನುವ ಹಾಗೂ ಇರಲಿಲ್ಲ. ಕೆಳಗಿನ ಬೀದಿಯವರಿಗೆ ಹತ್ತು ದಿನಗಳಿಂದ ನೀರು ಸಣ್ಣಗೆ ಬರುತ್ತಿತ್ತು. ನೆಲದೊಳಗೆ ಎಲ್ಲೋ ಸೋರುತ್ತಿದೆ ಎಂದು ಅನುಮಾನ. ಹಳೆಯ ಬೀಡು ಕಬ್ಬಿಣದ ಕೊಳವೆ. ಮೇಲೆ ರೋಲರ್ ನಡುಗುತ್ತ ಹೋದರೆ ಕೀಲು ಸಡಿಲವಾಗುವುದುಂಟು. ಸೋರುವುದಷ್ಟೇ ಆದರೆ ಪರವಾಗಿಲ್ಲ. ನಮ್ಮಲ್ಲಿ ನೀರು ಹೊತ್ತು ಹೊತ್ತಿಗೆ ಬಿಡುವಂಥದ್ದು. ನೀರು ನಿಂತು ಒತ್ತಡ ಇಳಿದಾಗ, ಹೊರಗೆ ಸೋರಿದ ಅದೇ ಬಿರುಕಿನಿಂದ ಸುತ್ತಲಿನ ಕೊಳಕು ಒಳಗೆ ಹೋಗುತ್ತದೆ. ಪಕ್ಕದಲ್ಲಿ ಚರಂಡಿಯಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ನಮ್ಮ ಬೀದಿಯಲ್ಲಿ ಮಾತ್ರ ಆ ಹತ್ತು ದಿನ ನೀರೋ ನೀರು. ಸಂಪು ತುಂಬಿ ತುಳುಕಿ, ತೆಂಗಿನ ಬುಡಕ್ಕೆ ಹರಿದು, ಸ್ಕೂಟರುಗಳೆಲ್ಲ ದಿನಾ ಮಿಂದು ಹೊಳೆಯುತ್ತಿದ್ದವು. ಏಕೆ ಹೀಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಉತ್ತರ ಗೊತ್ತಿದ್ದದ್ದು ನೀರಗಂಟಿಗೆ. ಕಚೇರಿಯ ಕಡತದಲ್ಲಿ ಅವರ ಹುದ್ದೆಗೆ ಬೇರೆ ಹೆಸರಿದ್ದೀತು. ಹಳೆಯ ಬಡಾವಣೆಯ ನಾವು ಕರೆಯುವುದು ಹೀಗೆ. ಸೈಕಲ್ಲಿಗೆ ಉದ್ದದ ಕಬ್ಬಿಣದ ಕೀಲಿಯನ್ನು ಕಟ್ಟಿಕೊಂಡು ಬರುತ್ತಾರೆ. ಮುಚ್ಚಳ ಎತ್ತಿ, ಕೀಲಿ ಇಳಿಬಿಟ್ಟು, ಎಷ್ಟು ಸುತ್ತು ತಿರುವಿದರೆ ಯಾವ ಬೀದಿಗೆ ಎಷ್ಟು ನೀರು ಎಂಬುದು ಅವರ ಅಂಗೈಗೆ ಗೊತ್ತು. ಅವರು ಮೇಲ್ವಿಚಾರಕನಿಗೆ ಹೇಳಿದ್ದು ಇಷ್ಟೇ: “ಪೈಪು ಸೋರುತ್ತಿಲ್ಲ ಸಾರ್. ವಾಲ್ವಿನ ಮುಚ್ಚಳದ ಮೇಲೆ ಡಾಂಬರು ಹಾಕಿಬಿಟ್ಟಿದ್ದಾರೆ. ಅದು ಪೂರ್ತಿ ತೆರೆದೇ ಹೂತುಹೋಗಿದೆ. ನೀರೆಲ್ಲ ಇಲ್ಲೇ ನಿಲ್ಲುತ್ತಿದೆ.”

ಹುಡುಗ ಹಾಳೆಯನ್ನು ಮತ್ತೊಮ್ಮೆ ನೋಡಿದ. ಅಪ್ಪಣೆ ಇದ್ದದ್ದು ಐದು ಚೌಕಗಳಿಗೆ. ವಾಲ್ವ್ ಯಾವ ಚೌಕದಲ್ಲೂ ಇರಲಿಲ್ಲ.

ಐದನ್ನೂ ಅಗೆದರು. ಮೊದಲನೆಯದು ಅಜ್ಜಿಯ ರಂಗೋಲಿಯ ಈಶಾನ್ಯ ಮೂಲೆಯನ್ನು ಕಚ್ಚಿಕೊಂಡು ಹೋಯಿತು. ಎರಡನೆಯದು ನಮ್ಮ ಗೇಟಿನ ಮುಂದೆ. ಜೆಸಿಬಿ ಮೇಲ್ಪದರ ಕಿತ್ತುಕೊಟ್ಟ ಮೇಲೆ ಇಬ್ಬರು ಹಾರೆ, ಗುದ್ದಲಿ ಹಿಡಿದು ಇಳಿದರು; ಒಬ್ಬಾಕೆ ಬಾಂಡ್ಲಿಯಲ್ಲಿ ಮಣ್ಣು ಹೊತ್ತು ಹಾಕುತ್ತಿದ್ದರು. ಅವರು ಕಾಫಿಗೆ ಎದ್ದುಹೋದಾಗ ನಾನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಗೋಡೆ ಥೇಟು ಚಿರೋಟಿ. ಮೇಲೆ ಹೆಬ್ಬೆರಳ ದಪ್ಪದ ಹೊಸ ಕಪ್ಪು, ಅದರಡಿ ಬೂದು ತಿರುಗಿದ ಹಳೆಯ ಕಪ್ಪು, ಜಲ್ಲಿ, ಮತ್ತೆ ಡಾಂಬರು, ಮತ್ತೆ ಜಲ್ಲಿ. ಒಂದು ಪದರದಲ್ಲಿ ಸೋಡಾ ಬಾಟಲಿಯ ಮುಚ್ಚಳವೊಂದು ಅಚ್ಚೊತ್ತಿದಂತೆ ಕೂತಿತ್ತು. ಎಲ್ಲದರ ಕೆಳಗೆ, ಸುಮಾರು ಒಂದಡಿ ಇಳಿದ ಮೇಲೆ, ಕೆಂಪು ಮಣ್ಣು. ಇದೇ ನಮ್ಮ ಅಪ್ಪ ಮನೆ ಕಟ್ಟಿದಾಗಿನ ನೆಲ.

ಆ ಒಂದಡಿ ಎಲ್ಲಿಂದ ಬಂತೆಂದು ನನಗೆ ಹೊಳೆದದ್ದು ಆಗಲೇ. ಅಪ್ಪ ಬೀದಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು ಕಟ್ಟಿಸಿದ್ದರು. ಸಂಜೆ ಮೊದಲನೆಯದರ ಮೇಲೆ ಚಪ್ಪಲಿ, ಎರಡನೆಯದರ ಮೇಲೆ ಅವರು. ಈಗ ಇರುವುದು ಒಂದೇ ಮೆಟ್ಟಿಲು. ಉಳಿದೆರಡು ಎಲ್ಲಿಗೂ ಹೋಗಿಲ್ಲ, ಹಾಗೆಯೇ ಇವೆ, ರಸ್ತೆಯೇ ಅವುಗಳನ್ನು ಹತ್ತಿ ಬಂದಿದೆ. ಹಳೆಯ ಪದರವನ್ನು ಕೆರೆದು ತೆಗೆದು ಹೊಸದನ್ನು ಹಾಕಬೇಕೆಂಬುದು ನಿಯಮ. ಕೆರೆಯುವುದು ಕಷ್ಟ, ಹಾಸುವುದು ಸುಲಭ. ಜೋರು ಮಳೆ ಬಂದರೆ ಬೀದಿಯ ನೀರು ನಮ್ಮ ಅಂಗಳವನ್ನು ಪರಿಶೀಲಿಸಿಕೊಂಡು ಹೋಗುತ್ತದೆ, ಯಾವ ಅಪ್ಪಣೆಯೂ ಇಲ್ಲದೆ.

ಈ ಊರಿಗೆ ನೀರಿಗಾಗಿ ನೆಲ ಅಗೆಯುವುದು ಹೊಸದಲ್ಲ. 1799ರಿಂದ 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯನ್ನು ಮೈಸೂರಿಗೆ ಕರೆತರಲು ನಾಲೆ ತೋಡಿಸಿದರು. ನದಿ ತಗ್ಗಿನಲ್ಲಿ, ಊರು ದಿಬ್ಬದಲ್ಲಿ. ಎಷ್ಟು ಆಳ ತೋಡಿದರೂ ನೀರು ಹತ್ತಿ ಬರಲಿಲ್ಲ. ಪೂರ್ಣಯ್ಯನವರ ನಾಲೆ ಅಪೂರ್ಣವಾಗಿ ಉಳಿದು ಕೊನೆಗೆ ಮಳೆನೀರಿನ ಮೋರಿಯಾಯಿತು. ಕಾವೇರಿ ಮನೆಮನೆಗೆ ಬಂದದ್ದು ಅದನ್ನು ಯಂತ್ರದಿಂದ ಮೇಲೆತ್ತಲು ಕಲಿತ ಮೇಲೆ. ಯಾದವಗಿರಿಯ ನೀರಿನ ಕೇಂದ್ರಕ್ಕೆ ಇಂದಿಗೂ ವಾಣಿವಿಲಾಸದ ಹೆಸರೇ ಇದೆ. ಮಗ ಚಿಕ್ಕವನೆಂದು ರಾಜ್ಯಭಾರ ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ಅದು. ನಮ್ಮ ಹಿರಿಯರು ಇನ್ನೊಂದು ಬುದ್ಧಿವಂತಿಕೆಯನ್ನೂ ತೋರಿಸಿದ್ದರು: ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಗಲೀಜಿನ ಕೆಲಸವೆಲ್ಲ ಹಿತ್ತಿಲಿನಲ್ಲಿ ನಡೆಯಲಿ, ಮುಂದಿನ ಬೀದಿ ಮುಖದಂತಿರಲಿ ಎಂದು. ಆ ಗಲ್ಲಿಯಲ್ಲಿ ಈಗ ಒಬ್ಬರ ಸ್ನಾನದ ಮನೆ, ಇನ್ನೊಬ್ಬರ ಕಾರು ಇವೆ. ಇನ್ನೊಬ್ಬರು ಯಾರೆಂದು ಹೇಳಲಾರೆ, ಮನೆಯಲ್ಲಿ ಜಗಳವಾಗುತ್ತದೆ.

ಸಂಜೆಯ ಹೊತ್ತಿಗೆ ಐದೂ ಗುಂಡಿಗಳ ತೀರ್ಮಾನ ಬಂತು. ಕೊಳವೆ ಆರೋಗ್ಯವಾಗಿತ್ತು. ಹೊಟ್ಟೆ ಕೊಯ್ದು, ಏನೂ ಇಲ್ಲವೆಂದು ಹೊಲಿದಂತೆ ಮಣ್ಣು ಮುಚ್ಚಿದರು. ಮಣ್ಣನ್ನು ಪದರಪದರವಾಗಿ ತುಂಬಿ, ನೀರು ಹಾಕಿ, ದಮ್ಮಸು ಹೊಡೆಯಬೇಕು. ಇವರು ಜೆಸಿಬಿಯ ಸೊಂಡಿಲಿನಿಂದ ನಾಲ್ಕು ಸಲ ತಟ್ಟಿ ಗೋಪುರ ಮಾಡಿದರು. ಮೊದಲ ಮಳೆಗೆ ಗೋಪುರ ಬಾವಿಯಾಗುತ್ತದೆ. ತೇಪೆಯ ಡಾಂಬರು ಬರುವುದಕ್ಕೆ ಇನ್ನೊಂದು ಹಾಳೆ ಬೇಕಂತೆ.

ಮೇಲ್ವಿಚಾರಕ ಹೊರಟ ಮೇಲೆ ನೀರಗಂಟಿ ನಮ್ಮ ಗೇಟಿಗೆ ಬಂದರು. “ಒಂದು ಹಾರೆ ಇದ್ದರೆ ಕೊಡಿ ಸ್ವಾಮಿ.” ದೀಪದ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಏಳು ಹೆಜ್ಜೆ ಎಣಿಸಿದರು, ಎಡಕ್ಕೆ ತಿರುಗಿ ಎರಡು. ಹಾರೆಯ ಹಿಡಿಯನ್ನು ರಸ್ತೆಗೆ ಕುಟ್ಟುತ್ತ ಕಿವಿಯನ್ನು ಓರೆ ಮಾಡಿದರು, ಹಲಸಿನ ಹಣ್ಣು ಮಾಗಿದೆಯೇ ಎಂದು ನೋಡುವವರ ಹಾಗೆ. ಟಪ್, ಟಪ್, ಟಣ್. ತಟ್ಟೆಯಗಲ ಡಾಂಬರು ಎದ್ದಿತು, ಕೆಳಗೆ ಮುಚ್ಚಳ. ಕೀಲಿ ಇಳಿಬಿಟ್ಟು ಹತ್ತಾರು ಸುತ್ತು ತಿರುವಿದರು. ಕೆಳಗಿನ ಬೀದಿಯಲ್ಲಿ ಯಾರದೋ ಬಕೆಟ್ಟಿಗೆ ನೀರು ಧುಮುಕಿದ ಸದ್ದು ಇಲ್ಲಿಗೇ ಕೇಳಿಸಿತು. ನಮ್ಮ ನಲ್ಲಿ ಕೆಮ್ಮಿತು.

“ಮುಂದಿನ ವರ್ಷ ನಾನು ಇರುವುದಿಲ್ಲ ಸ್ವಾಮಿ, ನಿವೃತ್ತಿ” ಎಂದರು ಹಾರೆ ಹಿಂದಿರುಗಿಸುತ್ತ. ಸೈಕಲ್ಲಿನ ಚೀಲದಿಂದ ಒಂದು ಬಣ್ಣದ ಡಬ್ಬಿ, ಬ್ರಷ್ ತೆಗೆದರು. “ಹೊಸಬರಿಗೆ ಗುರುತು ಬೇಕು. ನಿಮ್ಮ ಕಾಂಪೌಂಡಿನ ಮೇಲೆ ಒಂದು ಬಾಣ ಹಾಕಿ, ಎಷ್ಟು ಅಡಿ ಎಂದು ಬರೆಯಲೇ?”

ಗೋಡೆಗೆ ಯುಗಾದಿಗೆಂದು ಹೊಸ ಬಣ್ಣ ಹೊಡೆಸಿದ್ದೆ. ತಿಳಿ ಹಳದಿ. ಆ ದಿನವೆಲ್ಲ ನಮ್ಮ ಬೀದಿಯಲ್ಲಿ ಯಾವುದಕ್ಕಾದರೂ ನನ್ನ ಅಪ್ಪಣೆ ಕೇಳಿದವರು ಅವರೊಬ್ಬರೇ. ಬರೆಯಿರಿ ಎಂದೆ. ಕೆಂಪು ಬಣ್ಣ ನೀರಾಗಿತ್ತು. ಬಾಣದ ತುದಿಯಿಂದ ಒಂದು ಗೆರೆ ಒಂಟಿ ಮೆಟ್ಟಿಲಿನವರೆಗೆ ಇಳಿಯಿತು.