ಪ್ಲಾಕ್ ಬೇರೆ, ಟಾರ್ಟರ್ ಬೇರೆ

ನಿಮ್ಮ ಲೇಖನದಲ್ಲಿ ಹಲ್ಲಿನ ಡಾಕ್ಟರ್ ಬಳಸುವ ಪದಗಳಿಗೆ ಸರಳವಾಗಿ ಅರ್ಥ ಬರೆದಿದ್ದೀರಿ, ಖುಷಿಯಾಯಿತು. ಆದರೆ ಪ್ಲಾಕ್, ಟಾರ್ಟರ್ ಎರಡಕ್ಕೂ ‘ಹಲ್ಲಿನ ಕೊಳೆ’ ಎಂದು ಒಂದೇ ಅರ್ಥ ಕೊಟ್ಟದ್ದು ಸರಿಯಿಲ್ಲ. ಪ್ಲಾಕ್ ಅಂದರೆ ಬ್ಯಾಕ್ಟೀರಿಯಾ ತುಂಬಿದ ಮೆತ್ತನೆಯ ಅಂಟು ಪದರ. ಬ್ರಷ್ ಮಾಡಿದರೆ ಹೋಗುತ್ತದೆ. ಹಾಗೇ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಗಟ್ಟಿಯಾಗುತ್ತದೆ. ಅದು ಟಾರ್ಟರ್. ಆಮೇಲೆ ಎಷ್ಟು ಜೋರಾಗಿ ಉಜ್ಜಿದರೂ ಸುಮ್ನೆ ಒಸಡಿಗೆ ನೋವು ಅಷ್ಟೇ, ಡಾಕ್ಟರ್ ಹತ್ತಿರ ಸ್ಕೇಲಿಂಗ್ (ಕೆರೆದು ತೆಗೆಯುವುದು) ಮಾಡಿಸಲೇಬೇಕು.

ಡಾಕ್ಟರ್ ಚೀಟಿಯಲ್ಲಿ ಟಾರ್ಟರನ್ನೇ ‘ಕ್ಯಾಲ್ಕುಲಸ್’ ಎಂದೂ ಬರೆಯುತ್ತಾರೆ. ಲ್ಯಾಟಿನ್‌ನಲ್ಲಿ ಸಣ್ಣ ಕಲ್ಲು ಎಂದರ್ಥ. ಕಿಡ್ನಿ ಕಲ್ಲಿಗೂ ಅದೇ ಪದ. ಗಣಿತದ ಕ್ಯಾಲ್ಕುಲಸ್ಸೂ ಅದೇ ಕಲ್ಲಿನಿಂದ ಬಂದದ್ದು, ಹಿಂದೆ ಕಲ್ಲು ಎಣಿಸಿ ಲೆಕ್ಕ ಹಾಕುತ್ತಿದ್ದರಲ್ಲ! (ನನಗೆ ಹಲ್ಲಿನದೂ ಗಣಿತದ್ದೂ ಅಷ್ಟಕ್ಕಷ್ಟೇ.)

ರೂಟ್ ಕೆನಾಲ್ ಬಗ್ಗೆಯೂ ಒಂದು ಮಾತು. ಅದು ಮೂಲತಃ ಚಿಕಿತ್ಸೆಯ ಹೆಸರಲ್ಲ, ಹಲ್ಲಿನ ಬೇರಿನೊಳಗೆ ನರ, ರಕ್ತನಾಳ ಹಾದುಹೋಗುವ ಕಿರಿದಾದ ದಾರಿ. ನಮ್ಮೆಲ್ಲರ ಹಲ್ಲಿನಲ್ಲೂ ಇದೆ.

ಹಲ್ಲಿನ ನಂಬರ್ ಬಗ್ಗೆಯೂ ಬರೆಯಬೇಕಿತ್ತು. ನನ್ನ ಚೀಟಿಯಲ್ಲಿ ‘36’ ಎಂದಿದ್ದಾಗ ಗಾಬರಿಯಾಗಿತ್ತು. ಇರುವುದೇ ಜಾಸ್ತಿ ಅಂದರೆ 32 ಹಲ್ಲು, ಅಲ್ವಾ? ಆಮೇಲೆ ಗೊತ್ತಾಯಿತು, ಅದು ಮೂವತ್ತಾರಲ್ಲ, ಮೂರು-ಆರು. ಬಾಯಿಯನ್ನು ನಾಲ್ಕು ಭಾಗ ಮಾಡಿರುತ್ತಾರೆ. ಮೂರನೆಯದು ಕೆಳಗಿನ ಎಡಭಾಗ. ಅಲ್ಲಿ ನಡುವಿನಿಂದ ಎಣಿಸಿದರೆ ಆರನೇ ಹಲ್ಲು, ಅಂದರೆ ಮೊದಲ ದವಡೆ ಹಲ್ಲು. ಲೇಖನದ ಮುಂದಿನ ಭಾಗದಲ್ಲಿ ಇದನ್ನೂ ಸೇರಿಸಿ.